ಪ್ಯಾಟಿ ಗೊಬ್ಬರ

ನಾನು ಐದನೇ ಇಯತ್ತೆಗೆ ಸಾಲಿ ಬಿಟ್ಟವನು. ಬಿಟ್ಟದ್ದಕ್ಕೆ ಯಾವತ್ತೂ ನಾಚಿಕೊಂಡಿಲ್ಲ. ಮೀಸೆ ಮೂಡುವ ಮೊದಲೇ ಟ್ರ್ಯಾಕ್ಟರ್ ಹೊಡೆಯುವುದು ಕಲಿತೆ. ಮುಂದೆ ಸ್ವಂತದ್ದು ತಗೊಂಡೆ, ಅದಕ್ಕೊಂದು ರಾಶಿ ಮಷಿನ್ ಜೋಡಿಸಿಕೊಂಡೆ. ಸುಗ್ಗಿ ಬಂತೆಂದರೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕಿನ ಕಣಗಳಲ್ಲಿ ನನ್ನ ಮಷಿನ್ ತಿರುಗುತ್ತದೆ. ತಡಸದಿಂದ ರಟ್ಟೀಹಳ್ಳಿಯ ತನಕ ಯಾವ ಹಾದಿ ಎಲ್ಲಿ ಒಡೆದಿದೆ, ಯಾವ ಊರಿನ ಚಹಾ ಕುಡಿಯುವಂಥದ್ದು ಎಂದು ನನ್ನನ್ನು ಕೇಳಬೇಕು. ಇಷ್ಟು ವರ್ಷ ದುಡಿದರೂ ಒಬ್ಬರ ಮುಂದೆ ಕೈ ಜೋಡಿಸಿ ಬೇಡಿದವನಲ್ಲ. ಒಂದೇ ಒಂದು ಸಲ ಬೇಡಿದ್ದೇನೆ. ಅದು ನನ್ನ ಅಣ್ಣನ ಪಾದಕ್ಕಾಗಿ. ಅದನ್ನು ಬರೆದಿಡಬೇಕು ಅನಿಸಿದೆ.

ಅಣ್ಣ ನನಗಿಂತ ಬಹಳ ದೊಡ್ಡವನು. ಅಪ್ಪ ಬೇಗ ಹೋದದ್ದರಿಂದ ನನಗೆ ಅಣ್ಣನೂ ಅವನೇ, ಅಪ್ಪನೂ ಅವನೇ. ಮನೆ ಒಂದು, ಒಲೆ ಒಂದು. ಮಷಿನ್ ನನ್ನದು, ಹೊಲ ಅವನದು. ಹೊಲ ಅವನದು ಅಂದರೆ ಪಾಲು ಮಾಡಿಕೊಂಡ ಮಾತಲ್ಲ. ಹೊಲದಲ್ಲಿ ಅವನ ಮಾತೇ ನಡೆಯುತ್ತಿತ್ತು. ಮನೆಯಲ್ಲೇ ಟ್ರ್ಯಾಕ್ಟರ್ ಇದ್ದರೂ ಬಿತ್ತಲಿಕ್ಕೆ ಅದನ್ನು ಹೊಲದೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಜೋಡೆತ್ತು ಸಾಕಿದ್ದ, ಕೂರಿಗೆ ಹೂಡಿ ಬಿತ್ತುತ್ತಿದ್ದ. ನಾನು ಕಾಡಿಸಲಿಕ್ಕೆ, "ಅಣ್ಣಾ, ನೀ ದಿನಾ ಮಾಡೂದನ್ನ ನನ್ನ ಗಾಡಿ ಒಂದು ಎಲಿಅಡಿಕಿ ಹಾಕ್ಕೊಳ್ಳೂದ್ರಾಗ ಮಾಡ್ತೈತಿ ನೋಡು" ಅಂದರೆ ಅವನ ಉತ್ತರ ಸಿದ್ಧವಿರುತ್ತಿತ್ತು.

"ನಿನ್ನ ಗಾಡಿಗೆ ನೀ ಎಣ್ಣಿ ಹಾಕು, ನನ್ನ ಎತ್ತಿಗೆ ನಾ ಹುಲ್ಲು ಹಾಕ್ತೇನಿ. ಮುಂಜಾನೆದ್ದು ನೋಡೂಣು, ಯಾವುದು ಸಗಣಿ ಹಾಕಿರ್ತೈತಿ ಅಂತ."

ಅವನಿಗೆ ಎಲ್ಲ ಮಾತೂ ಕೊನೆಗೆ ಬಂದು ನಿಲ್ಲುವುದು ಸಗಣಿಗೆ, ತಿಪ್ಪೆಗೆ. ನಮ್ಮ ಅವ್ವನೂ ಹಾಗೇ ಇದ್ದಳು. ಮನೆಯ ಹಿಂದಿನ ತಿಪ್ಪೆಯನ್ನು ಹೊಲಸು ಎಂದು ಯಾರಾದರೂ ಅಂದರೆ ಬಾಯಿ ಬಡಿಯುತ್ತಿದ್ದಳು. ದೀಪಾವಳಿ ಪಾಡ್ಯದ ದಿನ ಸಗಣಿಯ ಹಟ್ಟೆವ್ವಗಳನ್ನು ಮಾಡಿ, ಚೆಂಡುಹೂ ಚುಚ್ಚಿ, ಹೊಸ್ತಿಲಿಗೆ ಇಟ್ಟಂತೆ ತಿಪ್ಪೆಯ ಮೇಲೂ ಇಟ್ಟು ದೀಪ ಹಚ್ಚುತ್ತಿದ್ದಳು. ತಿಪ್ಪೆ ಅಂದರೆ ಲಕ್ಷ್ಮಿ. ಮನೆಯ ಬೂದಿ, ದಂಟು, ಮುಸುರೆ ಎಲ್ಲ ಅಲ್ಲಿಗೆ ಹೋಗಿ, ಮಳೆಗಾಲ ಉಂಡು, ಕರ್ರಗಾಗಿ ಹೊಲಕ್ಕೆ ಬರುತ್ತಿತ್ತು. ಕೊಳೆತದ್ದೆಲ್ಲ ಗೊಬ್ಬರವಾಗುತ್ತದೆ ಎನ್ನುವುದು ನಮಗೆ ಯಾರೂ ಕಲಿಸಿದ ಪಾಠವಲ್ಲ, ಹುಟ್ಟಿದಾಗಿನಿಂದ ಕಂಡದ್ದು.

ಅಪ್ಪನ ಕಾಲದಲ್ಲಿ ಪ್ಯಾಟಿಯ ಗೊಬ್ಬರಕ್ಕೂ ಬೆಲೆಯಿತ್ತು. ಸುತ್ತಲ ಒಕ್ಕಲಿಗರು ಚಕ್ಕಡಿ ಕಟ್ಟಿಕೊಂಡು ಹೋಗಿ ಪ್ಯಾಟಿಯ ಕಸದ ಕುಣಿಯಿಂದ ಹೇರಿಕೊಂಡು ಬರುತ್ತಿದ್ದರು. ಅದರಲ್ಲಿ ಇರುತ್ತಿದ್ದುದಾದರೂ ಏನು? ಒಲೆಯ ಬೂದಿ, ಮುತ್ತಲ ಎಲೆಯ ಪತ್ರೋಳಿ, ಟಾಂಗಾ ಕುದುರೆಯ ಲದ್ದಿ, ಸಂತೆಯ ಸೊಪ್ಪು. ಆ ಗೊಬ್ಬರ ಹಾಕಿದ ವರ್ಷ ಮೆಣಸಿನ ಗಿಡ ಸೊಂಟಮಟ ಬರುತ್ತಿತ್ತಂತೆ. "ಪ್ಯಾಟಿ ಗೊಬ್ಬರ ಬಿದ್ದ ಹೊಲ" ಎಂದು ಹೆಣ್ಣು ಕೊಡುವವರೂ ಹೇಳಿಕೊಳ್ಳುತ್ತಿದ್ದರಂತೆ.

ಅದಕ್ಕೇ, ನಮ್ಮ ಪ್ಯಾಟಿಯ ಕಸವನ್ನು ನಮ್ಮೂರಿನ ಗಾಯರಾಣದಲ್ಲಿ ತಂದು ಸುರಿಯಲಿಕ್ಕೆ ಹತ್ತಿದಾಗ ಊರಲ್ಲಿ ದೊಡ್ಡ ಗದ್ದಲವೇನೂ ಆಗಲಿಲ್ಲ. ಯಾವ ಪ್ಯಾಟಿ ಎಂದು ನಾನು ಬರೆಯುವುದಿಲ್ಲ. ಮಷಿನ್ ತಗೊಂಡು ತಿರುಗುವ ನಾನು ಬಹಳ ಊರಿನ ಅಂಚಿನಲ್ಲಿ ಅದೇ ಹೊಗೆ ಕಂಡಿದ್ದೇನೆ. ಒಂದರ ಹೆಸರು ಹೇಳಿ ಉಳಿದವನ್ನು ಬಿಟ್ಟರೆ ನ್ಯಾಯವಾಗುವುದಿಲ್ಲ. ದನ ಮೇಯುವ ಜಾಗ ಹೋಯಿತು ಎಂದು ಕೆಲವರು ಗೊಣಗಿದರು. "ಕೊಳೀಲಿ ಬಿಡ್ರಿ, ನಾಳೆ ನಮ್ಮ ಹೊಲಕ್ಕ ಬರ್ತೈತಿ" ಎಂದು ಹಿರಿಯರು ಸಮಾಧಾನ ಹೇಳಿದರು. ನನ್ನ ಅಣ್ಣನೂ ಹಾಗೇ ಅಂದ.

ಅದು ಕೊಳೆಯಲಿಲ್ಲ. ಬೆಳೆಯಿತು. ಮೊದಲು ಒಂದು ಗುಂಪಿ, ಆಮೇಲೆ ಸಾಲು ಗುಂಪಿ, ಆಮೇಲೆ ಗುಡ್ಡ. ನಮ್ಮ ಹೊಲ ಅದರ ಇಳಿಜಾರಿನ ಕೆಳಗಿದೆ. ಮಳೆ ಬಂದರೆ ಚಹಾದ ಬಣ್ಣದ ನೀರು ಹರಿದು ಹಳ್ಳಕ್ಕೆ ಸೇರುತ್ತಿತ್ತು. ಬೋರಿನ ನೀರು ಹಿಡಿದಿಟ್ಟರೆ ಮರುದಿನ ಮೇಲೆ ಎಣ್ಣೆಯಂಥ ಪದರ ನಿಲ್ಲುತ್ತಿತ್ತು. ಅಲ್ಲಿ ಮೇಯಲು ಹೋದ ಕುರಿಗಳು ಹೊಟ್ಟೆಯುಬ್ಬಿ ಬಿದ್ದವು. ಗುಡ್ಡಕ್ಕೆ ಬೆಂಕಿಯೂ ಬೀಳುತ್ತಿತ್ತು. ತಂತಿ ಸುಟ್ಟು ತಾಮ್ರ ತೆಗೆಯುವವರು ಹಚ್ಚುತ್ತಿದ್ದರೋ, ತಾನೇ ಹತ್ತಿಕೊಳ್ಳುತ್ತಿತ್ತೋ, ಹತ್ತಿದ್ದು ಮಾತ್ರ ವಾರಗಟ್ಟಲೆ ಒಳಗೊಳಗೇ ಉರಿಯುತ್ತಿತ್ತು. ಹೊಗೆಯ ದಿನಗಳಲ್ಲಿ ನನ್ನ ಹೆಂಡತಿ ಉಬ್ಬಸ ತಡೆಯಲಾರದೆ ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದಳು.

ನೊಣದ ಮಾತು ಹೇಳಬಾರದು. ಊಟಕ್ಕೆ ಕುಳಿತರೆ ಒಂದು ಕೈ ರೊಟ್ಟಿಗೆ, ಒಂದು ಕೈ ನೊಣಕ್ಕೆ. ಹಂಸಭಾವಿಯಿಂದ ನನ್ನ ಮಗಳನ್ನು ನೋಡಲು ಬಂದವರು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಉಪ್ಪಿಟ್ಟಿನ ತಾಟು ನೋಡಿದರು. ಹಿರಿಯಳು ಬಾಯಿಬಿಟ್ಟು ಹೇಳಿಯೇ ಹೇಳಿದಳು: "ಹುಡುಗಿ ಬಂಗಾರದಂಗ ಅದಾಳ್ರಿ. ಆದರ ಹಬ್ಬ ಹುಣ್ಣಿವಿಗೆ ನಮ್ಮ ಮಂದಿ ಬಂದು ನಿಮ್ಮ ಮನ್ಯಾಗ ಉಣ್ಣಬೇಕಲ್ರಿ." ಅವರ ಗಾಡಿ ತಿರುವು ದಾಟುವ ತನಕ ತಡೆದುಕೊಂಡಿದ್ದ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಆಮೇಲೆ ಶುರು ಮಾಡಿದಳು.

"ಅಲ್ಲಾ, ನೊಣಾ ಏನು ನಮ್ಮ ಹೊಟ್ಟ್ಯಾಗ ಹುಟ್ಟ್ಯಾವನು? ಪ್ಯಾಟ್ಯಾವರು ಕಳಿಸಿದ ಬೀಗರವು! ಬಂದಾವು, ಉಂಡಾವು, ಹೋಗವಲ್ಲವು."

ನಾವು ನಕ್ಕೆವು. ಮಗಳು ಒಳಗೆ ಇದ್ದಳು. ಅವಳು ನಗಲಿಲ್ಲ.

ಒಮ್ಮೆ ಊರವರೆಲ್ಲ ಸೇರಿ ಕಸದ ಗಾಡಿಗೆ ಅಡ್ಡ ನಿಂತೆವು. ಅಧಿಕಾರಿಯೊಬ್ಬರು ಬಂದು ಬಹಳ ಸೌಮ್ಯವಾಗಿ ಮಾತಾಡಿದರು. "ಬ್ಯಾರೆ ಜಾಗಾ ನೋಡಾಕತ್ತೇವ್ರಿ. ಸ್ವಲ್ಪ ತಡಕೋರಿ" ಅಂದರು.

ಅಣ್ಣ ಕೇಳಿದ: "ಆ ಬ್ಯಾರೆ ಜಾಗಾದಾಗ ಮಂದಿ ಇಲ್ಲೇನ್ರಿ ಸಾಹೇಬ್ರ?"

ಅವರು ಕೈಯಲ್ಲಿದ್ದ ಫೋನು ನೋಡಿಕೊಂಡರು. ಗಾಡಿ ದಾಟಿ ಹೋಯಿತು.

ಅದೇ ವರ್ಷದ ಬೇಸಿಗೆಯಲ್ಲಿ ಪ್ಯಾಟಿಯವರು ಹಳೆಯ ಗುಂಪಿಗಳನ್ನು ಮಷಿನ್ ಹಚ್ಚಿ ಕೆದರಿದರು. ಅಡಿಯಲ್ಲಿ ಕರ್ರನೆಯ, ವಾಸನೆ ಹೋದ, ಪುಡಿಪುಡಿ ಮಣ್ಣು ಕಂಡಿತು. "ಬೇಕಾದವರು ಪುಕ್ಕಟ ಒಯ್ರಿ" ಅಂದರು. ಆ ಹೊತ್ತಿಗೆ ನಮ್ಮ ಊರಲ್ಲಿ ದನ ಕಡಿಮೆಯಾಗಿ ತಿಪ್ಪೆಗಳೆಲ್ಲ ಬತ್ತಿದ್ದವು. ಚೀಲದ ಸರಕಾರಿ ಗೊಬ್ಬರ ಹಾಕಿ ಹಾಕಿ ನೆಲ ಹೆಂಚಿನಂತೆ ಗಟ್ಟಿಯಾಗಿತ್ತು. ಅಣ್ಣ ಗುಡ್ಡಕ್ಕೆ ಹೋಗಿ ಒಂದು ಬೊಗಸೆ ಎತ್ತಿ ಮೂಸಿ ನೋಡಿದ. ಬೆರಳಲ್ಲಿ ತಿಕ್ಕಿ ನೋಡಿದ. ಮನೆಗೆ ಬಂದವನ ಮುಖ ಅರಳಿತ್ತು.

"ಅಪ್ಪ ತರ್ತಿದ್ನಲ್ಲ, ಅದ ಗೊಬ್ಬರಪಾ ಇದು. ಇಷ್ಟ ದಿನಾ ನೊಣಾ ಕಚ್ಚಿಸಿಕೊಂಡಿದ್ದಕ್ಕ ಇದನ್ನರ ತಿನ್ನೂಣು. ಗಾಡಿ ಹೂಡು."

ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಊರ ಅರ್ಧ ಮಂದಿ ಹೇರುತ್ತಿದ್ದರು. ಟ್ರೇಲರ್ ತುಂಬ ತಂದು ಕೆಳಗಿನ ಹೊಲದಲ್ಲಿ ಸುರಿದೆ. ಮನೆಯ ಹೆಂಗಸರು ಕುಳಿತು ಕಣ್ಣಿಗೆ ಬಿದ್ದ ಪ್ಲಾಸ್ಟಿಕ್, ಗಾಜು, ಬ್ಲೇಡು ಎಲ್ಲ ಆಯ್ದರು. ಔಷಧ ಚುಚ್ಚುವ ಸಿರಿಂಜುಗಳೂ ಸಿಕ್ಕವು. ಅವನ್ನು ಡಬ್ಬಿಯಲ್ಲಿ ಹಾಕಿ ದೂರ ಎಸೆದರು. ಜೋಳದಲ್ಲಿ ಹರಳು ಆಯುವವರು ಆಯ್ದಂತೆ ಆಯ್ದರು. ಅಣ್ಣ ಆ ಕುಪ್ಪೆಗೆ ಅರಿಷಿಣ ಕುಂಕುಮ ಏರಿಸಿ, ಕೈ ಮುಗಿದು, ಆಮೇಲೆ ಹರವಿದ. ಲಕ್ಷ್ಮಿ ಮನೆಗೆ ಬಂದಾಗ ಏನು ಮಾಡಬೇಕೋ ಅದನ್ನೇ ಮಾಡಿದ.

ಮಿರಗದ ಮಳೆ ಚೆನ್ನಾಗಿ ಹಿಡಿಯಿತು. ಬಿತ್ತಿಗೆಯ ದಿನ ಕೂರಿಗೆಗೆ ಹೊಸ ಖಣ ಕಟ್ಟಿ, ಉಡಿ ತುಂಬಿ, ಕಾಯಿ ಒಡೆದೆವು. ನಮ್ಮ ಮನೆಯಲ್ಲಿ ಕೂರಿಗೆಯ ಹಿಂದೆ ಚಪ್ಪಲಿ ಮೆಟ್ಟಿ ನಡೆಯುವವರಿಲ್ಲ. ಭೂಮಿತಾಯಿಯ ಮಡಿಲಿಗೆ ಕಾಳು ಹಾಕುವ ಹೊತ್ತಿಗೆ ಅವಳ ಮೈಮೇಲೆ ಚರ್ಮ ತುಳಿದಾಡಬಾರದು ಎನ್ನುವುದು ಒಂದು. ಹಸಿ ಎಷ್ಟಿದೆ, ಕಾಳು ಎಷ್ಟು ಆಳಕ್ಕೆ ಇಳಿಯಬೇಕು ಎನ್ನುವುದು ಬರಿಗಾಲಿಗೇ ತಿಳಿಯುತ್ತದೆ ಎನ್ನುವುದು ಇನ್ನೊಂದು. ಅಣ್ಣ ಬದುವಿನ ಮೇಲೆ ಚಪ್ಪಲಿ ಬಿಟ್ಟ, ಎತ್ತಿನ ಬೆನ್ನು ಚಪ್ಪರಿಸಿದ, ಕೂರಿಗೆಯ ಹಿಂದೆ ನಡೆದ. ನಾನು ಬದುವಿನ ಮೇಲೆ ನಿಂತು ಬೀಜದ ಚೀಲ ಬಿಚ್ಚುತ್ತಿದ್ದೆ.

ನಡುವೆ ಒಮ್ಮೆ ಎತ್ತು ನಿಲ್ಲಿಸಿ ಬಗ್ಗಿದ್ದು ಕಂಡಿತು.

"ಏನಾತೋ ಅಣ್ಣಾ?"

"ಏನಿಲ್ಲ ಬಿಡು. ಮುಳ್ಳು."

ಆದರೆ ಅವನು ಎಸೆದದ್ದು ಬಂದು ನನ್ನ ಹತ್ತಿರವೇ ಬಿತ್ತು. ಮುಳ್ಳಲ್ಲ. ಇಂಜೆಕ್ಷನ್ ಔಷಧ ಬರುತ್ತದಲ್ಲ, ಬೆರಳಿನಷ್ಟು ಸಣ್ಣ ಗಾಜಿನ ಶೀಷೆ, ಅದರ ಒಡೆದ ಕುತ್ತಿಗೆ. ಹಿಮ್ಮಡಿಯ ಪಕ್ಕದಲ್ಲಿ ಹೊಕ್ಕಿತ್ತು. ಅಣ್ಣನಿಗೆ ಸಕ್ಕರೆ ಬೇನೆ ಇತ್ತು. ಪಾದಕ್ಕೆ ನೋವು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಗಾಯಕ್ಕೆ ಹಸಿ ಮಣ್ಣು ಒತ್ತಿ ಮತ್ತೆ ಕೂರಿಗೆ ಹಿಡಿದ. ಮಣ್ಣಿಗಿಂತ ದೊಡ್ಡ ಮದ್ದು ಅವನಿಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕುಡುಗೋಲು ತಾಗಿದರೂ, ಕಲ್ಲು ಎಡವಿದರೂ, ಒಂದು ಚಿಟಿಕೆ ಮಣ್ಣು ಉದುರಿಸಿ ದುಡಿದ ಮಂದಿ ನಾವು.

ಸಂಜೆ ಕಾಲು ತೊಳೆಯುವಾಗ ಅತ್ತಿಗೆ ನೋಡಿ ಅರಿಷಿಣ ಎಣ್ಣೆ ಕಾಯಿಸಿ ಕಟ್ಟಿದಳು. "ದವಾಖಾನಿಗೆ ಹೋಗಿ ಒಂದು ಸೂಜಿ ಮಾಡಿಸ್ಕೊಂಡು ಬರ್ರಿ" ಅಂದಳು.

"ಹೊಲದಾಗೂ ಸೂಜಿ, ದವಾಖಾನ್ಯಾಗೂ ಸೂಜಿ. ಎಷ್ಟ ಸೂಜಿ ಚುಚ್ಚಿಸ್ಕೊಳ್ಳಲಿ?" ಎಂದು ಅಣ್ಣ ನಗೆಯಾಡಿದ. "ಬಿತ್ತಿಗಿ ಮುಗೀಲಿ, ಹೋಗ್ತೇನಿ."

ಬಿತ್ತಿಗೆ ಮುಗಿಯಿತು. ಆಮೇಲೆ ಮೊಳಕೆ ನೋಡಬೇಕಿತ್ತು, ಎಡೆಕುಂಟೆ ಹೊಡೆಯಬೇಕಿತ್ತು. ಕಾಲಿನ ಕಟ್ಟನ್ನು ಅಣ್ಣ ತಾನೇ ಬದಲಿಸಿಕೊಳ್ಳುತ್ತಿದ್ದ, ಯಾರಿಗೂ ಬಿಚ್ಚಿ ತೋರಿಸುತ್ತಿರಲಿಲ್ಲವಂತೆ. ನಾನು ಹಾನಗಲ್ಲ, ಹಿರೇಕೆರೂರಿನ ಕಡೆ ಗಾಡಿ ತಗೊಂಡು ಹೋಗಿ ತಿಂಗಳ ಮೇಲೆ ಅಲ್ಲೇ ಉಳಿದುಕೊಂಡಿದ್ದೆ. ತಿರುಗಿ ಬಂದ ದಿನ ಪಡಸಾಲೆಗೆ ಕಾಲಿಟ್ಟ ಕೂಡಲೇ ವಾಸನೆ ಹೊಡೆಯಿತು.

"ಗಾಳಿ ಇತ್ತಾಗ ತಿರಿಗೈತೇನು? ಏನ್ ನಾರಾಕತ್ತೈತಿ ಇವತ್ತು" ಅಂದೆ.

"ನಾಕೈದು ದಿನಾ ಆತು ಹಿಂಗ ಐತಿ. ಕಸದ ಗುಡ್ಡದಾಗ ಏನೋ ಸತ್ತೈತಿ ಕಾಣ್ತೈತಿ" ಎಂದಳು ನನ್ನ ಹೆಂಡತಿ, ಕಿಟಕಿ ಮುಚ್ಚುತ್ತ.

ಕಿಟಕಿ ಮುಚ್ಚಿದರೂ ವಾಸನೆ ಹೋಗಲಿಲ್ಲ. ಅತ್ತಿಗೆ ಊದುಬತ್ತಿ ಹಚ್ಚಿದ್ದಳು. ಅಣ್ಣ ಮೂಲೆಯಲ್ಲಿ ಕಂಬಳಿ ಹೊದ್ದು ಕುಳಿತು ಹಾನಗಲ್ಲಿನ ಭತ್ತದ ನಾಟಿ ಎಷ್ಟಕ್ಕೆ ಬಂತು, ಸವಣೂರ ಕಡೆ ಮಳೆ ಆಯಿತೋ ಇಲ್ಲವೋ ಎಂದು ನನ್ನನ್ನು ವಿಚಾರಿಸುತ್ತಿದ್ದ. ಅವನ ಮೈ ಸಣ್ಣಗೆ ನಡುಗುತ್ತಿತ್ತು. ಮಾತಾಡುತ್ತಲೇ ಕಾಲು ಸರಿಸಿದ. ಆಗ ವಾಸನೆ ಒಮ್ಮೆಲೇ ಮೂಗಿಗೆ ಏರಿತು.

ನಾನು ಎದ್ದು ಹೋಗಿ ಕಂಬಳಿ ಎತ್ತಿದೆ. ಅರಿವೆಯ ಕಟ್ಟು ಬಿಚ್ಚಿದೆ. ಹಿಮ್ಮಡಿ ಕಪ್ಪಾಗಿತ್ತು. ಕಪ್ಪು ಬೆರಳಿನ ತನಕ ಹಬ್ಬಿತ್ತು.

ಮನೆಯಲ್ಲಿ ಇಷ್ಟು ಮಂದಿ ಇದ್ದೆವು. ಒಬ್ಬರಿಗಾದರೂ ಇದು ಬೇರೆ ವಾಸನೆ ಎಂದು ಅನಿಸಬೇಕಿತ್ತು. ಬೇರೆ ಊರಿನಲ್ಲಾಗಿದ್ದರೆ ಮೊದಲ ದಿನವೇ ಹೆಂಗಸರು ಮೂಲೆ ಮೂಲೆ ಹುಡುಕುತ್ತಿದ್ದರು, ಇಲಿ ಸತ್ತಿದೆಯೋ ಏನೋ ಎಂದು. ನಮ್ಮ ಮೂಗು ಎಂದೋ ಸತ್ತಿತ್ತು. ಊರಿನ ಮೇಲೆ ಅಂಥ ವಾಸನೆ ದಿನಾ ಬೀಸುತ್ತಿತ್ತು. ಅಣ್ಣನ ಕಾಲಿನದು ಅದರೊಳಗೆ ಅಡಗಿ ಕುಳಿತುಬಿಟ್ಟಿತು.

ತಾಲೂಕಿನ ಡಾಕ್ಟರು ನೋಡಿದವರೇ, ಒಂದು ಗಳಿಗೆಯೂ ಇಲ್ಲಿ ನಿಲ್ಲಬೇಡಿ ಎಂದು ಹುಬ್ಬಳ್ಳಿಗೆ ಕಳಿಸಿದರು. ನಾನು, ಅತ್ತಿಗೆ, ಅಣ್ಣನ ಮಗ ಜೊತೆಗೆ ಹೋದೆವು. ಅಲ್ಲಿ ಸಣ್ಣ ವಯಸ್ಸಿನ ಡಾಕ್ಟರು, ಸಾವಧಾನದ ಮನುಷ್ಯ, ಮಂಚದ ಪಕ್ಕ ಕುಳಿತೇ ಹೇಳಿದರು. "ನಂಜು ಎಲುವಿಗೆ ಇಳದೈತ್ರಿ ಯಜಮಾನ್ರ. ಮೊಣಕಾಲ ಕೆಳಗ ತಗದ್ರ ಜೀವ ಉಳೀತೈತಿ. ತಡಾ ಮಾಡಿದ್ರ ಅದೂ ಹೇಳಾಕ ಬರಂಗಿಲ್ಲ."

ಅಣ್ಣ ಫ್ಯಾನು ನೋಡುತ್ತಲೇ, "ಒಂದ ಕಾಲಿಲೆ ಎಡಿ ಹೊಡ್ಯಾಕ ಬರ್ತೈತೇನ್ರಿ?" ಅಂದ.

"ಬರಂಗಿಲ್ರಿ."

"ಖರೆ ಹೇಳಿದ್ರಿ, ಬಾಳ ಚಲೋ ಆತು. ನಮ್ಮ ತಮ್ಮ ಆಗಿದ್ರ ಬರ್ತೈತಿ ಅಂತಿದ್ದ."

ಒಪ್ಪಿದ ಎಂದುಕೊಂಡೆವು. ಸಂಜೆ ವಾರ್ಡಿನ ಆಯಾ ಕಸ ಒಯ್ಯಲು ಬಂದಾಗ ಅವಳನ್ನು ಕೇಳಿದ. "ಯವ್ವಾ, ಕಡದ ಕಾಲು ಏನ ಮಾಡ್ತೀರಿ?"

ಅವಳಿಗೆ ಇದು ದಿನದ ಪ್ರಶ್ನೆ ಇರಬೇಕು. ಬಕೀಟಿನತ್ತ ಕೈ ಮಾಡಿ, "ಹಳದಿ ಚೀಲದಾಗ ಹಾಕಿ ಕಟ್ಟಿ ಇಡ್ತೇವ್ರಿ. ಗಾಡಿ ಬಂದು ಒಯ್ತೈತಿ" ಅಂದಳು.

"ಎಲ್ಲಿಗೆ?"

"ಅದಕ್ಕಂತ ಬ್ಯಾರೆ ಜಾಗಾ ಐತ್ರಿ. ಅಲ್ಲಿ ಸುಡ್ತಾರ."

ಬೇರೆ ಜಾಗ ಎನ್ನುವ ಮಾತು ಕೇಳಿ ಅಣ್ಣ ಎದ್ದು ಕುಳಿತ. ಅವಳು ಹೋದಮೇಲೆ ನನ್ನ ಕೈ ಹಿಡಿದ. ಜ್ವರದ ಕೈ, ಸುಡುತ್ತಿತ್ತು.

"ಕಡಿಸಬ್ಯಾಡ. ಹಂಗ ಮನಿಗೆ ಕರಕೊಂಡು ಹೋಗು."

"ಹುಚ್ಚಗಿಚ್ಚ ಹಿಡದೈತೇನು ನಿನಗ?"

"ಚೀಲ ಕಟ್ಟಿ ಗಾಡ್ಯಾಗ ಒಗೀತಾರಂತ, ಕೇಳಿದಿಲ್ಲ? ಎಲ್ಲಿ ಒಗೀತಾರಂತ ನಿನಗ ಗೊತ್ತಿಲ್ಲೇನು? ನಮ್ಮ ಹೊಲದಾಗ ಸಿರಿಂಜ್ ಯಾರ ಮನಿದು ಬಂದಿತ್ತು? ನನ್ನ ಕಾಲು ನಾಯಿ ಎಳದಾಡೂದು, ಯಾವನರ ನನ್ನಂಥಾ ಹುಚ್ಚಮಂಗ್ಯಾ ಅದನ್ನ ಗೊಬ್ಬರಂತ ಹೇರ್ಕೊಂಡು ಹೋಗೂದು..."

ಅವನು ಅಳಲಿಕ್ಕೆ ಹತ್ತಿದ. ನನ್ನ ಅಣ್ಣ ಅತ್ತದ್ದನ್ನು ನಾನು ಅವ್ವ ಹೋದಾಗಲೂ ನೋಡಿರಲಿಲ್ಲ.

ಆಸ್ಪತ್ರೆಯದು ಹಾಗಲ್ಲ, ಅವರದು ಪದ್ಧತಿ ಪ್ರಕಾರ ನಡೆಯುತ್ತದೆ ಎಂದು ನಾನೂ ಹೇಳಿದೆ, ಅವನ ಮಗನೂ ಹೇಳಿದ. ಅವನು ಗೋಡೆಯ ಕಡೆ ಹೊರಳಿದ. ನಮ್ಮಲ್ಲಿ ಹೆಣ ಸುಡುವುದಿಲ್ಲ, ಮಣ್ಣು ಕೊಡುತ್ತೇವೆ. ಸ್ವಂತ ಹೊಲವಿದ್ದವರು ಸ್ವಂತ ಹೊಲದಲ್ಲೇ. ಅಪ್ಪ, ಅವ್ವ ಇಬ್ಬರೂ ಮೇಲಿನ ಬದುವಿನ ಬೇವಿನ ಗಿಡದ ಬುಡದಲ್ಲಿದ್ದಾರೆ. ತನ್ನ ಮೈಯ ಒಂದು ತುಂಡು ಎಲ್ಲೋ ಕಸದೊಳಗೆ ಬಿದ್ದಿದ್ದರೆ, ನಾಳೆ ಉಳಿದದ್ದನ್ನು ಆ ಬೇವಿನ ಬುಡಕ್ಕೆ ಯಾವ ಮುಖ ಹೊತ್ತು ಒಯ್ಯುತ್ತಾರೆ ಎನ್ನುವುದು ಅವನ ಸಂಕಟ. ಅದನ್ನು ಹುಚ್ಚು ಎಂದು ಬಿಡಲು ನನಗಾಗಲಿಲ್ಲ. ರಾತ್ರಿ ಬೆಳಗಾದರೆ ನಂಜು ಇನ್ನೊಂದು ಗೇಣು ಮೇಲೇರುತ್ತಿತ್ತು.

ಡಾಕ್ಟರು ಮನೆಗೆ ಹೊರಟು ಮೆಟ್ಟಿಲು ಇಳಿಯುತ್ತಿದ್ದರು. ಅಡ್ಡ ನಿಂತೆ. ಏನು ಹೇಳಬೇಕು ಎಂದು ಯೋಚಿಸಿಕೊಂಡು ಬಂದಿದ್ದೆ, ಎಲ್ಲ ಮರೆತುಹೋಯಿತು. ಕೈ ಜೋಡಿಸಿದ್ದೇ ಗೊತ್ತು. ಮಂದಿ ನಿಂತು ನೋಡುತ್ತಿದ್ದರು.

"ಸಾಹೇಬ್ರ, ನಮ್ಮ ಅಣ್ಣನ ಪಾದ ನಮಗ ಕೊಡ್ರಿ. ಹೊಲದಾಗ ಮಣ್ಣು ಮಾಡ್ತೇವಿ. ಕೊಡ್ತೇನಿ ಅಂತ ನೀವು ಒಂದು ಮಾತು ಅವಗ ಹೇಳದಿದ್ರ ಅಂವ ಕಡಿಸ್ಕೊಳ್ಳಂಗಿಲ್ಲ. ಸತ್ತು ಹೋಗ್ತಾನ್ರಿ."

ಅವರು ನನ್ನ ಕೈ ಹಿಡಿದು ಕೆಳಗಿಳಿಸಿದರು. "ಇದಕ್ಕ ಕೈ ಯಾಕ ಮುಗೀತೀರಿ? ಕೇಳಿದವರಿಗೆ ಕೊಡ್ತೇವ್ರಿ, ನಿಮ್ಮದ ಐತಲ್ಲ. ಆದರ ಆಳ ತೋಡಬೇಕು. ನಾಯಿ ಕೆದರಬಾರದು" ಅಂದರು. ಮತ್ತೆ ಮೇಲೆ ಹತ್ತಿ ಬಂದು ಅಣ್ಣನಿಗೂ ಅದನ್ನೇ ಹೇಳಿದರು. ಅಣ್ಣ ಅವರ ಮುಖ ನೋಡಿದ, ನನ್ನ ಮುಖ ನೋಡಿದ. "ಹಂಗಾರ ಆತ್ರಿ" ಅಂದ.

ಮರುದಿನ ಕಾಲು ತೆಗೆದು ಅದನ್ನು ನಮ್ಮ ಕೈಗೆ ಕೊಟ್ಟರು. ಬಿಳಿ ಅರಿವೆಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅಣ್ಣನ ಮಗ ಆಸ್ಪತ್ರೆಯಲ್ಲಿ ಉಳಿದ. ಅತ್ತಿಗೆ ನನ್ನ ಜೊತೆ ಬರುತ್ತೇನೆ ಅಂದಳು. ಊರಿನವರೊಬ್ಬರ ಸಣ್ಣ ಗಾಡಿ ತರಿಸಿದ್ದೆ. ಪೆಟ್ಟಿಗೆಯನ್ನು ಹಿಂದೆ ಇಡೋಣ ಎಂದರೆ ಅವಳು ಕೇಳಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡಳು. ತಡಸ ಬಂದಾಗ, "ಇಷ್ಟ ಹಗರ ಐತಲ್ಲೋ ತಮ್ಮಾ" ಅಂದಳು. ಅಷ್ಟೇ.

ನಮ್ಮೂರಿನ ತಿರುವಿನಲ್ಲಿ ಗುಡ್ಡ ಉರಿಯುತ್ತಿತ್ತು. ಮಳೆಯಲ್ಲೂ ಉರಿಯುತ್ತದೆ ಅದು. ಹಳದಿ ಹೊಗೆ ರಸ್ತೆಗೆ ಅಡ್ಡ ಮಲಗಿತ್ತು. ನಾನು ಮೂಗಿಗೆ ಟವೆಲ್ ಕಟ್ಟಿಕೊಂಡೆ. ಅತ್ತಿಗೆ ಸೆರಗು ತೆಗೆದು ಪೆಟ್ಟಿಗೆಗೆ ಮುಚ್ಚಿದಳು. ತಾನು ಕೆಮ್ಮುತ್ತ ಕುಳಿತಳು.

ಊರಿನ ಅಯ್ಯನವರನ್ನು ಕೇಳಿದೆ, ಏನಾದರೂ ವಿಧಿ ಇದೆಯೋ ಎಂದು. ಅವರು ವಯಸ್ಸಾದವರು, ಹುಬ್ಬು ಗಂಟಿಕ್ಕಿ ಯೋಚನೆ ಮಾಡಿದರು. "ಮನಷ್ಯಾ ಜೀವಂತ ಅದಾನ. ಕಾಲಿಗೆ ಎಂಥಾ ಮಂತ್ರಾ ಹೇಳಲೋ? ನಮ್ಮಪ್ಪನೂ ಇಂಥಾದ್ದು ನೋಡಿರಲಿಕ್ಕಿಲ್ಲ" ಅಂದರು. ಆದರೂ ಮನೆಯೊಳಗೆ ಹೋಗಿ ಒಂದು ಗಟ್ಟಿ ವಿಭೂತಿ ತಂದು ನನ್ನ ಕೈಯಲ್ಲಿಟ್ಟರು. "ಇದನ್ನರ ಹಚ್ಚು."

ಹೊಲದಲ್ಲಿ ಗೋವಿನ ಜೋಳ ಆಳೆತ್ತರ ಬೆಳೆದು ನಿಂತಿತ್ತು. ಕೆಳಗಿನ ಹೊಲದ್ದಂತೂ ಹಸಿರು ಅನ್ನುವುದಕ್ಕಿಂತ ಕಪ್ಪು. ಗೊಬ್ಬರ ಹಿಡಿದಿದೆ ಎಂದು ಹಾದಿಯಲ್ಲಿ ಹೋಗುವವರು ಹೇಳುತ್ತಿದ್ದರು. ನಾನು ಪೆಟ್ಟಿಗೆ ಹಿಡಿದು ಆ ಸಾಲುಗಳ ನಡುವೆಯೇ ನಡೆದೆ, ಬೇರೆ ದಾರಿ ಇರಲಿಲ್ಲ. ಎಲೆಯ ಅಲಗು ಮುಖಕ್ಕೆ ತಾಗುತ್ತಿತ್ತು. ಪ್ರತಿ ಹೆಜ್ಜೆಗೂ ಕೆಳಗೆ ನೋಡಿಕೊಂಡು ಇಟ್ಟೆ. ಅಪ್ಪ ಬಿಟ್ಟುಹೋದ ಹೊಲದಲ್ಲಿ, ಕಣ್ಣು ಮುಚ್ಚಿ ಓಡಾಡಿ ಬೆಳೆದ ಹೊಲದಲ್ಲಿ, ನಾನು ಕಳ್ಳನಂತೆ ಕಾಲಿಟ್ಟು ನಡೆದೆ.

ಬೇವಿನ ಬುಡದಲ್ಲಿ, ಅವ್ವನ ಪಕ್ಕ ಜಾಗ ನೋಡಿಕೊಂಡು ಅಗೆಯಲಿಕ್ಕೆ ಹತ್ತಿದೆ. ಆ ಬದುವಿಗೆ ನಾವು ಪ್ಯಾಟಿ ಗೊಬ್ಬರ ಹಾಕಿರಲಿಲ್ಲ. ಆದರೂ ಮೊದಲ ಗುದ್ದಲಿಗೇ ಹಾಲಿನ ಪ್ಯಾಕೆಟು ಎದ್ದಿತು. ಗುಡ್ಡದಿಂದ ಗಾಳಿಗೆ ಹಾರಿ ಬಂದು, ಮಳೆಯ ರಾಡಿಗೆ ಹೂತುಹೋದದ್ದು. ಅದರ ಕೆಳಗೆ ಗುಟಕಾದ ಚೀಟಿ, ಕ್ಯಾರಿಬ್ಯಾಗಿನ ಚಿಂದಿ, ಯಾವುದೋ ಕೂಸಿನ ಚಪ್ಪಲಿಯ ಪಟ್ಟಿ. ಒಂದೊಂದೇ ತೆಗೆದು ಪಕ್ಕಕ್ಕೆ ಇಟ್ಟೆ. ಸಿಟ್ಟು ಬಂದು ಜೋರಾಗಿ ಅಗೆದೆ. ಮೊಣಕಾಲುಮಟ ಇಳಿದ ಮೇಲೆ ಬರೀ ಮಣ್ಣು ಬಂತು. ಕರಿ ಎರೆಮಣ್ಣು, ತಣ್ಣಗೆ, ಹಸಿ. ಬೇವಿನ ಬೇರು ಅಡ್ಡ ಬಂತು, ಅದನ್ನು ಕಡಿಯದೆ ಪಕ್ಕದಿಂದ ಹಾದುಹೋದೆ. ಎದೆಮಟ ಆಗುವ ತನಕ ನಿಲ್ಲಿಸಲಿಲ್ಲ.

ಅತ್ತಿಗೆ ಪೆಟ್ಟಿಗೆ ಬಿಚ್ಚಿದಳು. ಅರಿವೆಯನ್ನು ಪೂರ್ತಿ ತೆಗೆಯಬೇಡ ಎಂದೆ. ಅವಳು ಬೆರಳಿನ ಕಡೆ ಸ್ವಲ್ಪ ಸರಿಸಿ, ಜೊತೆಗೆ ತಂದಿದ್ದ ತಂಬಿಗೆಯಿಂದ ನೀರು ಹಾಕಿದಳು. ದಿನಾ ಸಂಜೆ ಹೊಲದಿಂದ ಬಂದವನಿಗೆ ಬಚ್ಚಲ ಬಾಗಿಲಲ್ಲಿ ಹಾಕುತ್ತಿದ್ದ ಹಾಗೇ, ಅವಸರವಿಲ್ಲದೆ. ತನ್ನ ಸೆರಗಿನಿಂದ ಒರೆಸಿದಳು. ನಾನು ವಿಭೂತಿ ಹಚ್ಚಿ ಕೆಳಗಿಳಿಸಿದೆ. ಇಬ್ಬರೂ ಕೈಯಿಂದಲೇ ಮಣ್ಣು ಎಳೆದೆವು. ಮೇಲೆ ದೊಡ್ಡ ಕಲ್ಲು ಹೊರಳಿಸಿ ಕೂಡಿಸಿದೆ. ಪಕ್ಕಕ್ಕೆ ಇಟ್ಟಿದ್ದ ಕಸವನ್ನು ಅಲ್ಲೇ ಬಿಡಲು ಮನಸ್ಸಾಗಲಿಲ್ಲ, ಎಲ್ಲಿಗೆ ಒಯ್ಯಬೇಕು ಎಂದೂ ತಿಳಿಯಲಿಲ್ಲ. ಟವೆಲಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆ.

ಅಣ್ಣನನ್ನು ಊರಿಗೆ ಕರೆತಂದಾಗ ತೆನೆಗೆ ಕಾಳು ತುಂಬುತ್ತಿತ್ತು. ಪಡಸಾಲೆಯ ಮಂಚದ ಮೇಲೆ ಕೂಡಿಸಿದೆವು. ಮಂದಿ ಬಂದರು, ಹೋದರು. ಎತ್ತುಗಳನ್ನು ನೋಡುತ್ತೇನೆ ಅಂದ. ಬಾಗಿಲ ಮುಂದೆ ತಂದು ನಿಲ್ಲಿಸಿದೆ. ಅವುಗಳ ಜೊತೆ ಏನೋ ಮಾತಾಡಿದ. ಎಲ್ಲರೂ ಎದ್ದುಹೋದ ಮೇಲೆ ನನ್ನನ್ನು ಹತ್ತಿರ ಕರೆದ.

"ಎಲ್ಲಿ ಇಟ್ಟಿ?"

"ಅವ್ವನ ಬಾಜೂಕ."

"ಆಳ?"

"ಎದಿಮಟ. ಮ್ಯಾಲೆ ಕಲ್ಲ ಹೇರೇನಿ."

ಹೊದಿಕೆಯ ಕೆಳಗೆ ಕಾಲಿಲ್ಲದ ಕಡೆ ಕೈಯಾಡಿಸಿದ.

"ಅಲ್ಲಿ ಮಣ್ಣು ಹೆಂಗ ಐತಿ? ಕಸಾ ಹತ್ತಿತೇನು ಗುದ್ದಲಿಗೆ?"

"ಇಲ್ಲೋ ಅಣ್ಣಾ. ಅವ್ವ ಇದ್ದಾಗ ಹೆಂಗ ಇತ್ತೋ ಹಂಗ ಐತಿ. ಅವನೌನ, ಬೆಣ್ಣಿ ಐತಿ ಮಣ್ಣು."

ಅಣ್ಣ ಕಣ್ಣು ಮುಚ್ಚಿದ. ಮುಖದಲ್ಲಿ ಗೆಲುವು ಬಂತು. ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಮೊಣಕಾಲುಮಟದ ಕೆಳಗೆ ಮಣ್ಣು ಹಾಗೇ ಇತ್ತು. ಅದಕ್ಕಿಂತ ಮೇಲಿನದನ್ನು ಅವನು ಬಿಡಿಸಿ ಕೇಳಲಿಲ್ಲ, ನಾನೂ ಹೇಳಲಿಲ್ಲ.